ಮೋಡ ಒಗೆಯುವ ಹಾಡು

ಹೋದ ವರ್ಷ ಪರ್ತ್‌ನ ರಾಜ್ಯೋತ್ಸವದಲ್ಲಿ ನಕ್ಕವರಲ್ಲಿ ಒಬ್ಬರಿಗೂ ತಾವು ನಕ್ಕದ್ದು ನೆನಪಿರಲಿಲ್ಲ. ಗಾನವಿ ಮಾತ್ರ ಮರೆತಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಮೈಕಿನ ಮುಂದೆ ನಿಂತು ಕನ್ನಡ ಹಾಡೊಂದರ ಎರಡನೇ ಸಾಲಿನಲ್ಲಿ ಎಡವಿದಳು, ಸಭೆ ಗೊಳ್ಳೆಂದಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಎರಡೇ ದಿನದಲ್ಲಿ ಅವಳ ಆ ಎಡವು ವಾಟ್ಸ್‌ಆ್ಯಪ್ ಹತ್ತಿ ಬ್ರಿಸ್ಬೇನ್, ಅಡಿಲೇಡ್ ಎಲ್ಲ ಸುತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುವ ಗೊಂಬೆಗಳನ್ನು ಅಂಟಿಸಿಕೊಂಡು, ಅವಳ ಅಮ್ಮ ಮಧುರಾಳ ಫೋನಿಗೇ ವಾಪಸು ಬಂತು. ಅಂದಿನಿಂದ ಗಾನವಿಯ ಬಾಯಿಂದ ಕನ್ನಡದ ಒಂದು ಪದವೂ ಹೊರಬಿದ್ದಿರಲಿಲ್ಲ. ಕೇಳಿದ್ದು ಕನ್ನಡ, ಉತ್ತರ ಇಂಗ್ಲಿಷು. ಇಲ್ಲದಿದ್ದರೆ ಬರೀ ತಲೆ ಅಲ್ಲಾಡಿಸುವುದು.

ಅಜ್ಜಿ ಕಸ್ತೂರಿ ಮೈಸೂರಿನಿಂದ ಆರು ತಿಂಗಳ ವೀಸಾದ ಮೇಲೆ ಪರ್ತ್‌ನ ವಿಲೆಟನ್ ಬಡಾವಣೆಗೆ ಬಂದಾಗ ಮನೆಯಲ್ಲಿ ಕಂಡದ್ದು ಈ ಮೌನ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದ ಹೆಂಗಸು ಆಕೆ. ಕೊಂಕಣಿ ಪ್ರಾರ್ಥನೆ, ತುಳು ನಾಟಕ, ಸಂಸ್ಕೃತ ಸ್ತೋತ್ರ, ಯಾವ ಭಾಷೆ ಬಂದರೂ ಕನ್ನಡದ ಅಚ್ಚುಮೊಳೆಯಲ್ಲೇ ಕೂರಿಸಿ ಕಳಿಸಿದವಳು. ಊಟದ ಬಿಡುವಿನಲ್ಲಿ ಹೆಂಗಸರನ್ನೆಲ್ಲ ಸುತ್ತ ಕೂರಿಸಿಕೊಂಡು ಸರದಿಯ ಮೇಲೆ ಗಟ್ಟಿಯಾಗಿ ಪುಸ್ತಕ ಓದಿಸಿದವಳು. ಹೆಂಗಸರಿಗೆ ಬೇರೆ ಕಕ್ಕಸು ಕಟ್ಟಿಸುವ ತನಕ ಹನ್ನೊಂದು ದಿನ ಗೇಟಿನಲ್ಲಿ ಕೂತು ಗೆದ್ದವಳು. ಯಾರದೋ ನಗುವಿಗೆ ಮಗುವೊಂದು ಬಾಯಿ ಹೊಲಿದುಕೊಂಡು ಬದುಕುವುದನ್ನು ಅವಳಿಂದ ನೋಡಲಾಗಲಿಲ್ಲ. ತಾನು ಊರಿಗೆ ಹೊರಡುವುದರೊಳಗೆ ಗಾನವಿ ಅದೇ ವೇದಿಕೆಯಲ್ಲಿ, ಅದೇ ಜನರ ಮುಂದೆ ಬಾಯಿ ತೆರೆಯಬೇಕು. ಅಷ್ಟೇ ಅವಳ ಹಟ.

ದಾರಿ ಸಿಕ್ಕಿದ್ದು ಪಕ್ಕದ ಮನೆಯ ಗ್ಯಾರೇಜಿನಲ್ಲಿ.

ಒಂದು ಶನಿವಾರ ಮಧ್ಯಾಹ್ನ ಮೊಮ್ಮಗಳನ್ನು ಕರೆಯಲು ಹೋದ ಕಸ್ತೂರಿ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಗಾನವಿ ಗಂಟಲು ಬಿಚ್ಚಿ ಹಾಡುತ್ತಿದ್ದಳು. ಅವಳೆದುರು ಮನೆಯೊಡತಿ ಸಚಿಕೊ ಜಪಾನಿನಿಂದ ತರಿಸಿದ ಕರೋಕೆ ಯಂತ್ರ. ಟೀವಿಯ ಮೇಲೆ ಹಾಡಿನ ಸಾಲು ಮೂಡುತ್ತದೆ, ರಾಗ ಮುಂದೆ ಸರಿದಂತೆ ಅಕ್ಷರಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತದೆ. ಎಲ್ಲ ಜಪಾನೀ ಮಕ್ಕಳ ಹಾಡುಗಳು. ಅಪ್ಪ ಒಂದು ಸಾಲು, ಮಗು ಒಂದು ಸಾಲು, ಪಲ್ಲವಿಗೆ ಮನೆಮಂದಿಯೆಲ್ಲ. ಕೊನೆಗೆ ಯಂತ್ರ ಅಂಕ ಕೊಡುತ್ತದೆ. ಕೆಟ್ಟ ಕುಕ್ಕರಿನಂತೆ ಕೂಗುತ್ತಿದ್ದ ಸಚಿಕೊಳ ಮಾವನಿಗೂ ಅದು ಎಪ್ಪತ್ತೊಂದು ಕೊಟ್ಟಿತು. ಮುದುಕ ಎದ್ದು ಬಾಗಿ ವಂದಿಸಿದ.

'ಈ ಮಿಷನ್ನು ಯಾರನ್ನೂ ನೋಡಿ ನಗಲ್ಲ' ಎಂದುಕೊಂಡಳು ಕಸ್ತೂರಿ.

"ನಂಗೂ ಹೇಳ್ಕೊಡೇ," ಅಂದಳು.

"ಯು ಕಾಂಟ್ ರೀಡ್ ಇಟ್!"

"ನೀನು ಓದು, ನಾನು ಬರ್ಕೋತೀನಿ."

ಗಾನವಿಗೆ ಶಾಲೆಯಲ್ಲಿ ಜಪಾನೀ ಅಕ್ಷರ ಕಲಿಸಿದ್ದರು. ಅವಳು ಟೀವಿ ನೋಡಿ ಓದಿದಳು, ಕಸ್ತೂರಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಇಳಿಸಿದಳು. ಕುಮೊ ಓ ಅರಾಓ, ಜಾಬು ಜಾಬು. ಮೋಡ ಒಗೆಯೋಣ, ದಬದಬ. ಸೊರಾ ನಿ ಹೊಸೋ, ಹಿರಾ ಹಿರಾ. ಆಕಾಶದಲ್ಲಿ ಒಣಗಿ ಹಾಕೋಣ, ಪಟಪಟ. ಅಚ್ಚುಕೂಟದಲ್ಲಿ ಎಷ್ಟೋ ಸಾವಿರ ಪುಟ ಕಂಡವಳಿಗೆ ಈ ಜಪಾನೀ ಪದಗಳು ಪರಕೀಯ ಅನ್ನಿಸಲೇ ಇಲ್ಲ. ಬಂದ ನೆಂಟರು ಚಾಪೆಯ ಮೇಲೆ ಕಾಲು ಮಡಚಿ ಕೂತಂತೆ ಕನ್ನಡದ ಅಕ್ಷರದೊಳಗೆ ಕೂತುಬಿಟ್ಟವು.

ಮೂರನೇ ಶನಿವಾರ ಸಚಿಕೊಳ ಮನೆಗೆ ಬೀಗ. ಹಾಡಬೇಕೆಂದರೆ ಟೀವಿ ಇಲ್ಲ, ಇದ್ದದ್ದು ಅಜ್ಜಿಯ ನೋಟ್‌ಬುಕ್ ಒಂದೇ. ಗಾನವಿ ಸ್ವಲ್ಪ ಹೊತ್ತು ಅದನ್ನೇ ದುರುಗುಟ್ಟಿ ನೋಡಿದಳು.

"ವಿಚ್ ಒನ್ ಈಸ್ ಕು?"

ಕಸ್ತೂರಿ ಉಸಿರೆತ್ತದೆ ಬೆರಳಿಟ್ಟು ತೋರಿಸಿದಳು. ಕಲಿಸುತ್ತೇನೆ ಅಂದಿದ್ದರೆ ಹುಡುಗಿ ಓಡಿಹೋಗುತ್ತಿದ್ದಳು. ಸಂಜೆಯ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಮೇಲೆ ಗಾನವಿಯೇ ಮಾಡಿದ ಪಟ್ಟಿಯೊಂದು ಅಂಟಿತ್ತು. ಎಡಗಡೆ ಜಪಾನೀ ಅಕ್ಷರ, ಬಲಗಡೆ ಕನ್ನಡದ್ದು.

ನವೆಂಬರಿನಲ್ಲಿ, ಅದು ಎರಡು ಸಾವಿರದ ಹದಿನಾರು, ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡಿಗರು ಸೇರಿ ರಾಜ್ಯೋತ್ಸವಕ್ಕೆ ಕುಟುಂಬ ಗಾಯನ ಸ್ಪರ್ಧೆ ಇಟ್ಟರು. ಕಸ್ತೂರಿ ಅರ್ಜಿ ತುಂಬಿ ಕಳಿಸಿದ ಮಾರನೇ ದಿನವೇ ಸಂಘದ ಕಾರ್ಯದರ್ಶಿ ಉದಯಶಂಕರ್ ಫೋನು ಮಾಡಿದ.

"ಆಂಟಿ, ಜಪಾನೀಸ್ ಹಾಡು ಅಂತ ಬರ್ದಿದೀರಲ್ಲ, ತಮಾಷೆಗಾ?"

"ತಮಾಷೆಗೆ ನಾನು ಅರ್ಜಿ ತುಂಬಲ್ಲಪ್ಪ."

"ಇದು ಕನ್ನಡದ ವೇದಿಕೆ ಆಂಟಿ. ನಮಗೂ ಒಂದು ತತ್ವ ಅಂತ ಇರತ್ತೆ."

"ನಿಮ್ಮ ಕರಪತ್ರದಲ್ಲಿ ಏಳನೇ ಐಟಮ್ಮು ಹಿಂದಿ ಡ್ಯಾನ್ಸು ಅಂತ ಅಚ್ಚಾಗಿದೆಯಲ್ಲ. ಅದು ಯಾವ ತತ್ವ?"

"ಅದು ಸ್ಪಾನ್ಸರ್ ಮಕ್ಕಳದ್ದು ಆಂಟಿ. ಅದೇ ಬೇರೆ."

"ಬೇರೆಯೇ ಬಿಡು," ಎಂದು ಕಸ್ತೂರಿ ಫೋನಿಟ್ಟಳು.

ಮಧುರಾ ಅಡುಗೆಮನೆಯಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ಅಮ್ಮಾ, ನೀನೇನೋ ಮೂರು ವಾರಕ್ಕೆ ಫ್ಲೈಟ್ ಹತ್ತಿ ಹೋಗ್ತೀಯ. ಇವರ ಮುಖ ನೋಡ್ಕೊಂಡು ಇಲ್ಲಿರೋಳು ನಾನು."

"ಆ ಮುಖಗಳನ್ನ ಒಂದು ವರ್ಷದಿಂದ ನೋಡ್ತಿದೀಯಲ್ಲೇ. ನಿನ್ನ ಮಗಳ ಮುಖ ಯಾವಾಗ ನೋಡ್ತೀಯ?"

ಕಸ್ತೂರಿ ಗಾನವಿಯ ಕಡೆ ತಿರುಗಿದಳು. "ಹಾಡೋಳು ನೀನು. ಬೇಡ ಅಂದ್ರೆ ಬೇಡ."

"ವಿಲ್ ದೇ ಲಾಫ್?"

"ನಗಬಹುದು. ನಿಂಗೆ ಸುಳ್ಳು ಹೇಳಲ್ಲ ನಾನು."

ಹುಡುಗಿ ಫ್ರಿಜ್ಜಿನ ಮೇಲಿನ ಪಟ್ಟಿ ನೋಡುತ್ತ ನಿಂತಳು. "ಓಕೆ. ಬಟ್ ಐ ಹೋಲ್ಡ್ ದ ಬುಕ್."

ಸ್ಪರ್ಧೆಯ ದಿನ ಪರ್ತ್‌ನ ಬೆಂಟ್ಲಿ ಬಡಾವಣೆಯ ಸಭಾಂಗಣ ಭರ್ತಿಯಾಗಿತ್ತು. ಬ್ರಿಸ್ಬೇನಿನ ಕುಟುಂಬ ಹಾಡಿತು, ಅಡಿಲೇಡಿನದು ಹಾಡಿತು, ಪರ್ತ್‌ನವು ನಾಲ್ಕು ಹಾಡಿದವು. ಮುಂದಿನ ಸಾಲಿನಲ್ಲಿ ಕೂತ ಕಸ್ತೂರಿಗೆ ಮಕ್ಕಳ ಕೈಯಲ್ಲಿದ್ದ ಹಾಳೆಗಳು ಚೆನ್ನಾಗಿ ಕಾಣುತ್ತಿದ್ದವು. ಅವಳ ಕಣ್ಣು ಆ ಹಾಳೆಗಳ ಮೇಲೇ ನೆಟ್ಟಿತು. ಹಿಂದಿ ಡ್ಯಾನ್ಸಿಗೆ ಶಿಳ್ಳೆ ಬಿತ್ತು. ಉದಯಶಂಕರ್ ಮೈಕು ಹಿಡಿದು "ಇಲ್ಲಿಗೆ ಸ್ಪರ್ಧೆ..." ಅನ್ನುವಷ್ಟರಲ್ಲಿ ಕಸ್ತೂರಿ ಗಾನವಿಯ ಕೈ ಹಿಡಿದು ಮೆಟ್ಟಿಲು ಹತ್ತಿಯಾಗಿತ್ತು.

"ಆಂಟಿ, ಪ್ಲೀಸ್. ಹೇಳಿದೀನಲ್ಲ, ಇದು ಕನ್ನಡದ ವೇದಿಕೆ." ಮೈಕಿನಲ್ಲೇ ಅಂದ. ಚಪ್ಪಾಳೆಯೂ ಬಿತ್ತು.

"ಸರಿ, ಕನ್ನಡಾನೇ ನೋಡೋಣ," ಅಂದಳು ಕಸ್ತೂರಿ. ಅಚ್ಚುಕೂಟದ ಗೇಟಿಗೆ ಪಳಗಿದ ಗಂಟಲಿಗೆ ಮೈಕು ಬೇಕಿರಲಿಲ್ಲ. "ಇವತ್ತು ಹಾಡಿದ ಮಕ್ಕಳೆಲ್ಲ ನಿಮ್ಮ ನಿಮ್ಮ ಹಾಳೆ ಎತ್ತಿ ಹಿಡೀರಿ ಕಂದಗಳಾ."

ಮಕ್ಕಳಿಗೇನು ಗೊತ್ತು, ಹೇಳಿದ್ದೇ ತಡ ಎತ್ತಿ ಹಿಡಿದರು. ಹದಿನಾಲ್ಕು ಹಾಳೆ. ಕನ್ನಡದ ಹಾಡು, ಹದಿನಾಲ್ಕರಲ್ಲೂ ಇಂಗ್ಲಿಷ್ ಅಕ್ಷರ. ಅಪ್ಪ ಅಮ್ಮಂದಿರೇ ಟೈಪು ಮಾಡಿ, ದಪ್ಪಕ್ಷರದಲ್ಲಿ ತೆಗೆದುಕೊಟ್ಟದ್ದು.

"ಮಕ್ಕಳದೇನೂ ತಪ್ಪಿಲ್ಲ. ಯಾರೂ ಅವರನ್ನ ನೋಡಿ ನಗಬೇಡಿ. ಹೋದ ವರ್ಷ ನಕ್ಕಿದ್ದು ಸಾಕು," ಅಂದು ಕಸ್ತೂರಿ ತೀರ್ಪುಗಾರರ ಕಡೆ ತಿರುಗಿದಳು. ಗಾನವಿ ನೋಟ್‌ಬುಕ್ ಬಿಚ್ಚಿ ಅವರಿಗೆ ತೋರಿಸಿದಳು. ಅಡಿಲೇಡಿನಿಂದ ಬಂದಿದ್ದ ತೀರ್ಪುಗಾರ್ತಿ ಅಹಲ್ಯಾ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಕು... ಮೊ... ಅಯ್ಯೋ, ಇದು ಕನ್ನಡ ಅಕ್ಷರ ಕಣ್ರೀ! ಇದನ್ನ ನೀನೇ ಓದ್ತೀಯೇನಮ್ಮ?"

ಗಾನವಿ ಹೌದೆಂದು ತಲೆಯಾಡಿಸಿದಳು.

"ಈ ಮಕ್ಕಳಲ್ಲಿ ಇನ್ಯಾರು ಓದ್ತಾರೋ ಹೇಳಿ," ಅಂದಳು ಕಸ್ತೂರಿ. "ಅವರು ಮೊದಲು ಹಾಡ್ಲಿ, ನಾವು ಕಾಯ್ತೀವಿ."

ಯಾರೂ ಎದ್ದು ಬರಲಿಲ್ಲ. ಉದಯಶಂಕರ್ ಪಕ್ಕದಲ್ಲಿದ್ದ ಮೈಕಿನವನಿಗೆ ಕಣ್ಣು ಮಾಡಿದ. ವೇದಿಕೆಯ ಮೈಕು ಟಪ್ಪೆಂದು ಸತ್ತಿತು.

ಗಾನವಿ ಸತ್ತ ಮೈಕನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಮೈಕನ್ನು ಬದಿಗೆ ಸರಿಸಿ, ನೋಟ್‌ಬುಕ್ ಎದೆಯೆತ್ತರಕ್ಕೆ ಹಿಡಿದು ಶುರು ಮಾಡಿದಳು. ಕುಮೊ ಓ ಅರಾಓ. ಕಸ್ತೂರಿ ದನಿಗೂಡಿಸಿದಳು. ಜಾಬು ಜಾಬು. ಕಸ್ತೂರಿಯದು ಎಪ್ಪತ್ತೊಂದಕ್ಕಿಂತ ಕಡಿಮೆ ಅಂಕದ ಗಂಟಲು. ಎರಡನೇ ಸಾಲಿನಲ್ಲಿ ಗಾನವಿಯ ಬೆರಳು ಒಂದು ಅಕ್ಷರದ ಮೇಲೆ ತಡೆದು ನಿಂತಿತು. ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಬಂತು. ಅದರ ಬೆನ್ನಿಗೇ ಇನ್ನೊಂದು.

ಕಸ್ತೂರಿಗೆ ಆ ಅಕ್ಷರ ಗೊತ್ತಿತ್ತು. ತುಟಿ ಕಚ್ಚಿಕೊಂಡು ನಿಂತಳು, ಹೇಳಿಕೊಡಲಿಲ್ಲ.

ಗಾನವಿ ಪುಸ್ತಕದಿಂದ ತಲೆಯೆತ್ತಿದಳು. ನಗು ಬಂದ ಕಡೆಗೇ ನೋಡಿದಳು.

"ನಗ್ಬೇಡಿ," ಅಂದಳು. "ನಾನು ಓದ್ತಾ ಇದೀನಿ."

ಗೋಡೆಗೆ ಒರಗಿ ನಿಂತಿದ್ದ ಮಧುರಾಳ ಕೈ ಬಾಯಿಗೆ ಹೋಯಿತು. ನಗು ಎಲ್ಲಿತ್ತೋ ಅಲ್ಲೇ ಇಂಗಿತು. ಹುಡುಗಿ ಮತ್ತೆ ಬೆರಳಿಟ್ಟಳು, ಅಕ್ಷರ ಸಿಕ್ಕಿತು. ಸೊರಾ ನಿ ಹೊಸೋ. ಹಿರಾ ಹಿರಾ ಬರುವ ಹೊತ್ತಿಗೆ ಮಧುರಾ ವೇದಿಕೆಗೆ ಬಂದು ಮಗಳ ಇನ್ನೊಂದು ಪಕ್ಕ ನಿಂತಿದ್ದಳು. ಸಾಲು ಗೊತ್ತಿಲ್ಲದೆ ಬರೀ ಬಾಯಿ ಆಡಿಸುತ್ತಿದ್ದಳು.

ಉದಯಶಂಕರ್ ಗಡಿಯಾರ ತೋರಿಸುತ್ತ ಹತ್ತಿರ ಬಂದ. "ಆಯ್ತು ಪುಟ್ಟಾ, ಸಾಕು, ಟೈಮಾಯ್ತು."

ಗಾನವಿ ಹಾಳೆ ಮಗುಚಿದಳು.

"ಅಂಕಲ್, ಇನ್ನೂ ಎರಡು ಪೇಜ್ ಇದೆ."