ಬಿಳಿ ಕಣಗಳ ಲೆಕ್ಕ

೧೯೮೩ರ ಬೇಸಿಗೆ. ಹೊಸನಗರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಸೀತಾರಾಮಪ್ಪ ಯಂತ್ರಕ್ಕೆ ಬೆಲ್ಟು ಏರಿಸುತ್ತಿದ್ದವರು ಹಾಗೇ ಕುಸಿದುಬಿದ್ದರು. ಬಾಯಿ ಸೊಟ್ಟಗಾಯಿತು, ಬಲಗೈ ಬಲಗಾಲು ಬಿದ್ದುಹೋದವು, ವಾಂತಿ ಮಾಡಿಕೊಂಡು ಎಚ್ಚರ ತಪ್ಪಿದರು. ಹೆಂಡತಿ ಯಮುನಮ್ಮ ಮೈದುನ ನಾಗರಾಜಪ್ಪನ ಜೊತೆ ಜೀಪು ಮಾಡಿಕೊಂಡು ಅವರನ್ನು ಸಾಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದಳು.

ಅಲ್ಲಿನ ಡಾಕ್ಟರು ಮಹಾಗಣಪತಿ, ಓದಿನ ಹುರುಪು ಇನ್ನೂ ಆರದ ಹುಡುಗ. ಬೆನ್ನುಮೂಳೆಗೆ ಸೂಜಿ ಚುಚ್ಚಿ ತೆಗೆದ ನೀರು ಕೆಂಪಗಿತ್ತು. ಬಿ.ಪಿ. ಏರಿ ಮೆದುಳಿನೊಳಗೆ ನಾಳ ಒಡೆದಿದೆ ಅಂದ. ಮಾರನೇ ದಿನ ರಕ್ತದ ವರದಿ ಹಿಡಿದು ಹೊರಗೆ ಬಂದ.

"ಬಿಳಿ ಕಣ ಇಪ್ಪತ್ತು ಸಾವಿರ ದಾಟಿದೆ. ಹತ್ತರೊಳಗೆ ಇರ್ಬೇಕು."

"ಎಲ್ಲಾದ್ರೂ ಕೀವು ಗೀವು ಆಗಿದ್ಯಾ?" ನಾಗರಾಜಪ್ಪ ಕೇಳಿದ.

"ಹುಡುಕಿದೆ, ಎಲ್ಲೂ ಇಲ್ಲ. ಒಳಗೆ ಸೋರಿದ ರಕ್ತಕ್ಕೆ ಮೈಯೇ ಹೀಗೆ ರೇಗುತ್ತೆ. ಪೆಟ್ಟು ದೊಡ್ಡದಾದಷ್ಟೂ ಲೆಕ್ಕ ಮೇಲೆ ಹೋಗುತ್ತೆ. ಇಷ್ಟು ಏರಿದವ್ರು ಉಳಿದಿದ್ದು ನಾನು ನೋಡಿಲ್ಲ. ಬೆಂಗಳೂರಿಗೆ ಅಂತ ಹೊರಟ್ರೆ ದಾರಿಯಲ್ಲೇ ಹೋಗಿಬಿಡ್ತಾರೆ. ನೋಡ್ಬೇಕಾದವ್ರನ್ನ ಕರೆಸಿ."

ಯಮುನಮ್ಮ ಕರೆಸಿದ್ದು ಒಬ್ಬಳನ್ನೇ, ಮಗಳು ಸರೋಜಳನ್ನು. ಸರೋಜ ತೀರ್ಥಹಳ್ಳಿಯ ಹುಡುಗನೊಬ್ಬನನ್ನು ತಾನೇ ಮೆಚ್ಚಿ ಮದುವೆಯಾಗಿದ್ದಳು. ಅಂದಿನಿಂದ ಸೀತಾರಾಮಪ್ಪ ಅವಳ ಹೆಸರೆತ್ತಲು ಬಿಟ್ಟಿರಲಿಲ್ಲ. ಅವಳ ಬಾಣಂತನಕ್ಕೆ ಹೊರಟು ನಿಂತ ಹೆಂಡತಿಯನ್ನು ಬಸ್ಸಿನಿಂದ ಎಳೆದು ಇಳಿಸಿದ್ದರು, ಪೇಟೆಯವರೆಲ್ಲ ನೋಡುತ್ತಿರುವಾಗ. ಆ ಮಗು ಉಳಿಯಲಿಲ್ಲ.

ಸರೋಜ ಬಂದು ಅಪ್ಪನ ಮಂಚದ ಪಕ್ಕ ನಿಂತು ಅತ್ತಳು. ಯಮುನಮ್ಮನಿಗೆ ಅಳು ಬರಲಿಲ್ಲ.

"ಅಳ್ಬೇಡ. ಇನ್ನು ನೀನು ಮನೆಗೆ ಬರಬಹುದು. ಇವ್ರು ಸಾಯೋದನ್ನೇ ನಾನು ಕಾಯ್ತಿದ್ದೆ ಕಣೇ. ಆ ಬಸ್ಸಿಂದ ಇಳಿಸಿದ ದಿನದಿಂದ ಕಾಯ್ತಿದ್ದೆ."

"ಅವ್ವಾ, ಮೆಲ್ಲಗೆ!"

"ಯಾರಿಗೆ ಕೇಳ್ತದೆ?"

ಸೀತಾರಾಮಪ್ಪ ಸಾಯಲಿಲ್ಲ. ವಾರ ಕಳೆಯುವುದರೊಳಗೆ ಕಣ್ಣು ಬಿಟ್ಟರು. ಮಾತು ಹೋಗಿತ್ತು, ಬಲಗಡೆಯೂ ಹೋಗಿತ್ತು. ಆದರೆ ಹೇಳಿದ್ದು ತಿಳಿಯುತ್ತಿತ್ತು, ನೀರು ಬೇಕಾ ಅಂದರೆ ಎಡಗೈ ಎತ್ತುತ್ತಿದ್ದರು. ಸರೋಜ ಗಂಜಿ ಕುಡಿಸಿದರೆ ಕುಡಿದರು. ಯಮುನಮ್ಮ ಚಮಚ ಹಿಡಿದಾಗ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಮಾರನೇ ದಿನವೂ ಹಾಗೇ. ಅವ್ವ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತು ಮಂಚದ ಪಕ್ಕ ಆಡಿದ ಮಾತು ಅವರಿಗೆ ಕೇಳಿಸಿತ್ತು.

ಮನೆಗೆ ಹೊರಡುವ ದಿನ ಯಮುನಮ್ಮ ಡಾಕ್ಟರನ್ನು ತಡೆದು ನಿಲ್ಲಿಸಿದಳು.

"ಉಳಿಯೋದಿಲ್ಲ ಅಂದ್ರಲ್ಲ?"

"ಒಬ್ಬೊಬ್ರು ಉಳೀತಾರಮ್ಮ. ಸಂತೋಷ ಪಡಿ."

"ಇಂಥೋರನ್ನ ಎಷ್ಟು ಜನನ್ನ ನೋಡಿದ್ರಿ ನೀವು?"

ಅವನು "ಒಂಬತ್ತು ಜನ" ಅಂದ.

"ಒಂಬತ್ತೇ ಜನ ಅನ್ನೋದನ್ನೂ ಅವತ್ತೇ ಹೇಳ್ಬೇಕಿತ್ತು."

ಸರೋಜ ಒಂದು ತಿಂಗಳು ಇದ್ದು ಉಣಿಸಿದಳು. ಗಂಡನ ಮನೆಯಿಂದ ಕರೆ ಬರತೊಡಗಿದ ಮೇಲೆ ಹೋಗಲೇಬೇಕಾಯಿತು. ಆಮೇಲೆ ಪಕ್ಕದ ಮನೆಯ ಕೆರಿಯಮ್ಮ ದಿನಾ ಎರಡು ಹೊತ್ತು ಬಂದು ಉಣಿಸುತ್ತಿದ್ದಳು. ಅಡಿಗೆ ಯಮುನಮ್ಮನದೇ. ಮೈ ಒರೆಸುವುದು, ಮಲಮೂತ್ರ ತೆಗೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಅವಳದೇ. ಅದಕ್ಕೆ ಅವರು ಬೇಡ ಅನ್ನುವಂತಿರಲಿಲ್ಲ, ಗೋಡೆ ನೋಡುತ್ತ ಮಲಗಿರುತ್ತಿದ್ದರು. ಇಂಥ ಸೇವೆ ಯಾರು ಮಾಡ್ತಾರೆ ಅಂತ ನಾಗರಾಜಪ್ಪ ಬಂದವರಿಗೆಲ್ಲ ಹೇಳುವನು. ಆಗೆಲ್ಲ ಅವಳು ಎದ್ದು ಒಳಗೆ ಹೋಗುವಳು.

ಒಂದು ಮಧ್ಯಾಹ್ನ ಕೆರಿಯಮ್ಮ ನೆಂಟರ ಮದುವೆಗೆ ಹಿನ್ನೀರಿನಾಚೆಯ ತುಮರಿಗೆ ಹೋದವಳು ಲಾಂಚು ತಪ್ಪಿ ಬರಲಿಲ್ಲ. ಹೊತ್ತು ಮೀರಿತ್ತು. ಯಮುನಮ್ಮ ಗಂಜಿ ತಂದು ಮಂಚದ ಮೇಲೆ ಕೂತಳು.

"ನಾನು ಹೇಳಿದ್ದು ಸುಳ್ಳಲ್ಲ. ಈಗ ಸುಳ್ಳು ಅಂದ್ರೆ ನೀವೂ ನಂಬೋದಿಲ್ಲ. ಆದ್ರೆ ನಿಮಗೆ ಕೇಳ್ಲಿ ಅಂತ ಹೇಳಿದ್ದಲ್ಲ. ಹಸಿವಾಗಿದೆ ನಿಮಗೆ, ಬಾಯಿ ತೆಗೀರಿ."

ಸೀತಾರಾಮಪ್ಪ ಆವತ್ತು ಮುಖ ತಿರುಗಿಸಲಿಲ್ಲ. ಅವಳನ್ನೇ ತುಂಬ ಹೊತ್ತು ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ.

ಅವರು ಅದಾದ ಮೇಲೂ ಎರಡು ವರ್ಷ ಬದುಕಿದರು. ಆ ಮಧ್ಯಾಹ್ನ, ಗಂಜಿ ಆರಿ ಕೆನೆ ಕಟ್ಟಿದ ಮೇಲೆ, ಯಮುನಮ್ಮ ಅವರ ಎದುರಿಗೇ ಕೂತು ಅದನ್ನು ತಾನೇ ಕುಡಿದಳು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ.