ನೀಲಿಯ ಅಗಲ

ಅಳತೆಯ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆ, ಸೂರು, ಬಾಗಿಲ ಒಳಮೈ ಎಲ್ಲಕ್ಕೂ ಕಪ್ಪು ಬಳಿದಿತ್ತು. ಹೆಂಡತಿ ನಾಗಮಣಿ ತೀರಿಕೊಂಡ ಮೇಲೆ ಲಕ್ಷ್ಮೀನರಸಿಂಹ ಅವರಿಗೆ ಜಯಲಕ್ಷ್ಮಿಪುರಂನ ಮನೆಗಿಂತ ಈ ಕತ್ತಲೆಯೇ ವಾಸಿ ಎನಿಸಿತ್ತು.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು ಅವರು. ಟಿವಿ ಪರದೆಗಳ ನಕ್ಷೆ ಮಾಡುವ ಈ ಸಣ್ಣ ಕಂಪನಿಗೆ ಸಲಹೆಗಾರರಾಗಿ ಕರೆತಂದವಳು ಹಳೆಯ ಶಿಷ್ಯೆ ವಿಭಾ. ಪರದೆಯ ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿಯ ಮೂರು ದೀಪ. ಕಾಲುವೆಗೊಂದು ತೂಬಿದ್ದ ಹಾಗೆ ದೀಪಕ್ಕೊಂದು ಟ್ರಾನ್ಸಿಸ್ಟರ್. ಅದು ಅಗಲವಾದಷ್ಟೂ ಕರೆಂಟು ಹೆಚ್ಚು, ಬೆಳಕು ಹೆಚ್ಚು. ಮೂರರ ಅಗಲವೂ ಹೊಂದಿದರೆ ಬಿಳುಪು ಬಿಳುಪಾಗಿರುತ್ತದೆ, ಇಲ್ಲವಾದರೆ ಮನುಷ್ಯರ ಮುಖವೇ ಕೆಡುತ್ತದೆ. ನಕ್ಷೆ ಅಂದು ಸಂಜೆ ಕಾರ್ಖಾನೆಗೆ ಹೋಗಬೇಕಿತ್ತು. ಹೋದ ಮೇಲೆ ತಿದ್ದುವಂತಿಲ್ಲ. ತಪ್ಪಿದ್ದರೆ ತಯಾರಾದ ಪರದೆಗಳೆಲ್ಲ ಕಸ. ಬಾಕಿ ಇದ್ದದ್ದು ಮೇಷ್ಟ್ರ ಸಹಿ.

ಎದುರಿಗೆ ಎರಡು ಮಾದರಿ ಪರದೆಗಳು. ಎಡಗಡೆಯದು ಬಣ್ಣ ಅಳೆಯುವ ಮೀಟರು ಒಪ್ಪಿದ್ದು. ಬಲಗಡೆಯದರಲ್ಲಿ ಮೇಷ್ಟ್ರು ಹಟಹಿಡಿದು ನೀಲಿಯ ಟ್ರಾನ್ಸಿಸ್ಟರನ್ನು ಅಗಲ ಮಾಡಿಸಿದ್ದರು. ಎರಡರಲ್ಲೂ ಒಂದೇ ಹಳೆಯ ಫೋಟೋ: ನಾಗಮಣಿ, ನವಿಲಿನ ಕೊರಳ ಬಣ್ಣದ ರೇಷ್ಮೆ ಸೀರೆಯುಟ್ಟು ನಗುತ್ತಿದ್ದರು.

"ಎಡಗಡೆ ಸೀರೆ ಬೂದಿ ಬೂದಿ ಕಣಮ್ಮ. ಬಲಗಡೆಯದೇ ಸರಿ."

"ಮೇಷ್ಟ್ರೇ, ಮೀಟರು ಎಡಗಡೆಯದೇ ಸರಿ ಅನ್ನುತ್ತೆ."

"ನಿನ್ನ ಮೀಟರು ಏನು ನಾಗಮಣಿಯನ್ನ ನೋಡಿತ್ತೇ?"

ವಿಭಾ ನಗಲಿಲ್ಲ. "ಕಣ್ಣಿನ ಪೊರೆ ಯಾವಾಗ ತೆಗೆಸುತ್ತೀರಿ?"

"ಅವಳ ವರ್ಷಾಂತಿಕ ಆಗಲಿ. ಆಪರೇಷನ್ ಆದರೆ ವಾರಗಟ್ಟಲೆ ತಲೆಗೆ ನೀರು ಸೋಕಬಾರದು, ಹೊಗೆ ತಾಗಬಾರದು ಅಂತಾರೆ ಡಾಕ್ಟರು. ತಿಂಗಳು ತಿಂಗಳೂ ಮಾಸಿಕ ಬರುತ್ತೆ. ತಲೆಗೆ ನೀರು ಹಾಕಿಕೊಳ್ಳದೆ ಪಿಂಡ ಇಡೋಕಾಗುತ್ತಾ? ನಮಗೆ ಮಕ್ಕಳಿಲ್ಲ. ಅವಳಿಗೆ ನಾನಲ್ಲದೆ ಯಾರಿದ್ದಾರೆ?"

"ಸೀರೆ ತಂದಿರಾ?" ಎಂದಳು ವಿಭಾ. ತರಬೇಕೆಂದು ಹಿಂದಿನ ದಿನವೇ ಹೇಳಿದ್ದಳು.

ಅವರು ಚೀಲದಿಂದ ಫೋಟೋದಲ್ಲಿದ್ದ ಅದೇ ಸೀರೆ ತೆಗೆದರು. ಮಡಿಕೆಯಲ್ಲಿ ಇನ್ನೂ ಕರ್ಪೂರದ ವಾಸನೆ. ವಿಭಾ ಅದನ್ನು ಪರದೆಗಳ ನಡುವೆ ಹರವಿ, ಬಿಸಿಲಿನಂಥ ಬೆಳಕು ಕೊಡುವ ದೀಪ ಹಾಕಿದಳು.

ಮೇಷ್ಟ್ರು ಬಗ್ಗಿ ನೋಡಿದರು. "ಅಯ್ಯೋ, ಇದೂ ಮಾಸಿಬಿಟ್ಟಿದೆಯಲ್ಲೇ!"

"ಮಾಸಿಲ್ಲ ಮೇಷ್ಟ್ರೇ. ಕಣ್ಣು ಕೋರೈಸುವ ಹಾಗಿದೆ."

ಅವರು ಮತ್ತೆ ನೋಡಿದರು. ನಡುವೆ ಹರವಿದ್ದ ಸೀರೆ, ಎಡಗಡೆಯ ಸೀರೆ ಎರಡೂ ಒಂದೇ ಬೂದಿ. ಪಕ್ಕಪಕ್ಕ ಇಟ್ಟು ನೋಡದೆ ಬಾಯಿ ತೆಗೆಯಬೇಡಿ ಎಂದು ತರಗತಿಯಲ್ಲಿ ಗದರುತ್ತಿದ್ದವರು ಅವರೇ. ನೀಲಿಯನ್ನು ನುಂಗುತ್ತಿದ್ದದ್ದು ಪರದೆಯಲ್ಲ, ತಮ್ಮ ಕಣ್ಣಿನ ಪೊರೆ; ಈಗ ಗದರಬೇಕಾದದ್ದು ತಮ್ಮನ್ನೇ. ಕೋಣೆಯ ಕಪ್ಪು ಇನ್ನಷ್ಟು ಹತ್ತಿರ ಸರಿದಂತಾಯಿತು.

"ಬಲಗಡೆಯವಳು ನಿನಗೆ ಹೇಗೆ ಕಾಣುತ್ತಾಳೆ?"

ವಿಭಾ ಸೀರೆಯ ಅಂಚು ಸರಿಮಾಡತೊಡಗಿದಳು.

"ಹೇಳಮ್ಮ."

"ಆಸ್ಪತ್ರೆಯಲ್ಲಿ ಕೊನೆಗೆ ಇದ್ದ ಹಾಗೆ. ತುಟಿಯೆಲ್ಲ ನೀಲಿ."

"ನರಸಿಂಹಾ," ಎಂದು ದೇವರನ್ನು ನೆನೆದು ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನೊಳಗೆ ಮಾತ್ರ ಸೀರೆಗೆ ಅದರ ಬಣ್ಣ ಇತ್ತು.

ಕಣ್ಣು ತೆರೆದು, ತಮಗೆ ತಪ್ಪಾಗಿಯೇ ಕಾಣುತ್ತಿದ್ದ ಎಡಗಡೆಯ ಅಗಲಕ್ಕೆ ಸಹಿ ಹಾಕಿದರು.

"ಬಲಗಡೆಯದು ಆಫ್ ಮಾಡಲಾ, ಮೇಷ್ಟ್ರೇ?"

ಅವರು ಆ ಮುಖವನ್ನು ಇನ್ನೊಮ್ಮೆ ನೋಡಿದರು. ಅವರ ಮಟ್ಟಿಗೆ ನಾಗಮಣಿ ನಾಗಮಣಿಯಾಗಿ ಕಾಣುತ್ತಿದ್ದದ್ದು ಅದೊಂದರಲ್ಲೇ.

"ಆರಿಸು."

ವಿಭಾ ಬಾಗಿಲು ತೆರೆದಳು. ಹೊರಗಿನ ಪಡಸಾಲೆಯ ಸುಣ್ಣದ ಗೋಡೆಯೂ ಅವರಿಗೆ ಅರಿಶಿನ ನೀರು ಎರಚಿದ ಹಾಗೆಯೇ ಕಂಡಿತು. ಅವರು ಸೀರೆ ಮಡಿಸುತ್ತ, "ಮುಂದಿನ ಮಾಸಿಕಕ್ಕೆ ಎಳ್ಳು ತರಬೇಕು," ಎಂದರು.