ಎಬ್ಬಿಸಿದ ಮಾಲು

ನನ್ನ ಮಗಳು ಮೇಸ್ತ್ರಿ. ಯಾರೂ ಕೇಳದಿದ್ದರೂ ಹೇಳುತ್ತೇನೆ, ಕೇಳಿದವರಿಗಂತೂ ಎರಡು ಸಲ ಹೇಳುತ್ತೇನೆ. ಅವಳ ಕೈಕೆಳಗೆ ಸಿಮೆಂಟು ಕಲಸುವವಳು ನಾನೇ. ಹೆತ್ತವಳಿಗೇ ಮಗಳು ಯಜಮಾನಿ ಎಂದು ನಗುವವರು ನಗಲಿ, ನನ್ನ ಗಂಟೇನು ಹೋಗುತ್ತದೆ?

ಮೇಸ್ತ್ರಿಯಾಗಿ ಅವಳು ಮೊದಲ ಕಂಬ ತುಂಬಿಸುವ ದಿನ ಅದು. ಮೇಲೆ ಎರಡು ಅಂತಸ್ತು ಏಳಬೇಕಾದ ಮನೆ. ಇವಳು ಎಲ್ಲಿ ಎಡವುತ್ತಾಳೋ ಎಂದು ಗಾರೆಯವರೆಲ್ಲ ಕಾದು ಕೂತಿದ್ದರು. ಅವತ್ತು ಅವಳ ಮಾತು ನಡೆಯದಿದ್ದರೆ ಮುಂದೆ ಆ ಕಟ್ಟಡದಲ್ಲಿ ಯಾರೂ ಅವಳನ್ನು ಕ್ಯಾರೇ ಅನ್ನುತ್ತಿರಲಿಲ್ಲ.

ನಾನು ಕಾಂಕ್ರೀಟು ಕಲಸಿಟ್ಟೆ. ಅಷ್ಟರಲ್ಲಿ ಮಗಳು ತೂಗುಗುಂಡು ಇಳಿಬಿಟ್ಟು ನೋಡಿದರೆ ಕಂಬದ ಹಲಗೆ ಒಂದು ಕಡೆ ವಾಲಿದೆ. ಬಡಗಿ ಬಿಚ್ಚಿದ, ಬೈಸಿಕೊಂಡ, ಮತ್ತೆ ಕಟ್ಟಿದ. ಬಿಸಿಲೋ ನೆತ್ತಿ ಸುಡುತ್ತಿತ್ತು. ನಾನು ಕಲಸಿಟ್ಟ ಮಾಲು ಬಿಗಿಯತೊಡಗಿತು. ಇಂಥದ್ದು ನಮಗೆ ಹೊಸದೇ? ಚೊಂಬು ನೀರು ಸುರಿದು ಸಲಿಕೆಯಲ್ಲಿ ತಿರುವಿದೆ. ಇದಕ್ಕೆ ನಾವು ಮಾಲು ಎಬ್ಬಿಸುವುದು ಎನ್ನುತ್ತೇವೆ. ಈಗಷ್ಟೇ ಕಲಸಿದ್ದರ ಹಾಗೆ ಮೆತ್ತಗಾಯಿತು.

ಬಾಂಡ್ಲಿಗೆ ತುಂಬಿ ಎತ್ತಿ ಕೊಡುವಾಗ ಮಗಳು ಅಡ್ಡ ಬಂದಳು. ಮತ್ತೆ ನೀರು ಹಾಕಿದೆಯಾ ಎಂದು ಕೇಳಿದಳು. ಎಬ್ಬಿಸಿದ್ದೇನೆ, ಚೆನ್ನಾಗಿದೆ ನೋಡು, ಎಂದೆ.

"ಅದು ಎದ್ದಿಲ್ಲಮ್ಮ, ನೆನೆದಿದೆ ಅಷ್ಟೆ. ಸಿಮೆಂಟು ಹಿಡಿಯೋಕೆ ಶುರು ಮಾಡಿದ ಮೇಲೆ ನೀರು ಹಾಕಿದ್ರೆ ಮೆತ್ತಗಾಗುತ್ತೆ, ಬಲ ಬರಲ್ಲ. ಕಂಬಕ್ಕೆ ಬೇಡ. ಚೆಲ್ಲಿಬಿಡು."

ನನ್ನ ಮೈಯೆಲ್ಲ ಉರಿದುಹೋಯಿತು. ನಾಲ್ಕು ಜನರ ಮುಂದೆ, ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನ ಕೆಲಸ ಚೆಲ್ಲು ಅನ್ನುತ್ತಾಳೆ! ಹಿಂದಿನ ಮೇಸ್ತ್ರಿಗಳು ಯಾರೂ ತುಟಿಪಿಟಕ್ ಎಂದವರಲ್ಲ ಎಂದು ಕೂಗಾಡಿದೆ. ಕೆಲಸದವರು ಕೈಕಟ್ಟಿ ನಿಂತು ನೋಡಿದರು. ಗೋಡೆ ಕಟ್ಟುತ್ತಿದ್ದ ಹಿರಿಯ ಗಾರೆಯವನು, ತಾಯಿ ಕಲಸಿದ್ದಲ್ವಾ, ಇದೊಂದು ಸಲ ಹೋಗಲಿ ಎಂದು ನಯವಾಗಿ ಗಾಳ ಹಾಕಿದ. ನಾಳೆ ತನಗೂ ಅಂಥದ್ದೇ ಒಂದು ಸಲ ಬೇಕಲ್ಲ ಅವನಿಗೆ.

ಮಗಳ ಕಣ್ಣು ತುಂಬಿತ್ತು. ದನಿ ಮಾತ್ರ ಅಲುಗಲಿಲ್ಲ.

"ಇವತ್ತು ಅಮ್ಮ ಅಂತ ಬಿಟ್ಟುಕೊಟ್ಟರೆ, ನಾಳೆ ಇನ್ಯಾರಿಗೂ ಬೇಡ ಅನ್ನೋಕೆ ನನಗೆ ಬಾಯಿರಲ್ಲ."

ನನ್ನ ಕೋಪ ಜರ್ರನೆ ಇಳಿಯಿತು. ನನ್ನೆದುರು ನಿಲ್ಲುವುದು ಅವಳಿಗೆ ಎಷ್ಟು ಕಷ್ಟ ಎಂದು ನನಗಲ್ಲದೆ ಯಾರಿಗೆ ಗೊತ್ತು? ಬಾಂಡ್ಲಿಯನ್ನು ಪಕ್ಕದ ಹಳ್ಳಕ್ಕೆ ನಾನೇ ಮಗುಚಿದೆ, ಉಳಿದದ್ದನ್ನೂ ಎಳೆದು ಹಾಕಿದೆ. ಹೊಸ ಚೀಲ ಬಿಚ್ಚಿ, ಎಲ್ಲರಿಗೂ ಕೇಳಲಿ ಎಂದು ಬೇಕಂತಲೇ ಸಲಿಕೆ ಸದ್ದು ಮಾಡುತ್ತ ಕಲಸಿದೆ. ಅವಳು ಬಂದು ನೋಡಿ, ಹದ ಬಂದಿದೆ, ತುಂಬಿ, ಎಂದಳು. ಎಷ್ಟೋ ಮೇಸ್ತ್ರಿಗಳ ಬಾಯಲ್ಲಿ ಕೇಳಿದ ಮಾತು, ಆದರೂ ಅವತ್ತು ನನ್ನ ಎದೆ ಉಬ್ಬಿತು.

ಮಧ್ಯಾಹ್ನ ಆ ಹಿರಿಯ ಗಾರೆಯವನು ಹರಟುತ್ತ ಕೂತು ತನ್ನ ಮಾಲನ್ನೂ ಬಿಗಿಯಲು ಬಿಟ್ಟ. ಮಗಳು ಅಟ್ಟಣಿಗೆಯ ಆಚೆ ಇದ್ದಳು, ನನ್ನೊಬ್ಬಳನ್ನು ಬಿಟ್ಟರೆ ಅವನನ್ನು ನೋಡುವವರು ಯಾರೂ ಇರಲಿಲ್ಲ. ಅವನು ನೀರಿನ ಚೊಂಬು ಎತ್ತಿ, ಹಾಗೇ ಕೆಳಗಿಟ್ಟ. ಆಮೇಲೆ ತಾನಾಗಿಯೇ ಅದನ್ನು ಎತ್ತಿ ಹಳ್ಳಕ್ಕೆ ಸುರಿದ.

"ಹೆತ್ತವಳನ್ನೇ ಬಿಡದವಳು, ನನ್ನ ಬಿಡ್ತಾಳಾ," ಎಂದು ಗೊಣಗಿದ.

ಬಿಡೋದಿಲ್ಲ ಕಣಪ್ಪ ಎಂದೆ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ.